ಹಿತ್ತಲ ಟ್ಯಾಂಕಿನ ಸೀಮೆಎಣ್ಣೆ

ಮೊನ್ನೆ ಐರ್ಲೆಂಡಿನ ಮೇನೂತ್ ಊರಾಚೆಯ ಒಂದು ಮನೆಯ ಹಿತ್ತಲಲ್ಲಿ ಕಿಟಕಿಗಳನ್ನು ಎಣಿಸುತ್ತ ನಿಂತಿದ್ದಾಗ ಸೀಮೆಎಣ್ಣೆಯ ವಾಸನೆ ಬಂತು. ಮನೆಗಳು ಎಷ್ಟು ಶಾಖ ತಿನ್ನುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಮನೆ ಮಾರುವವರು, ಬಾಡಿಗೆಗೆ ಕೊಡುವವರು ಕರೆಯುತ್ತಾರೆ. ನಾನು ಹೋಗಿ ಗೋಡೆಯ ದಪ್ಪ ನೋಡಿ, ಅಟ್ಟಕ್ಕೆ ಏರಿ ಅಲ್ಲಿ ಹಾಸಿದ ಉಣ್ಣೆಯಂಥ ಹೊದಿಕೆಗೆ ಟೇಪು ಹಿಡಿದು, ಬಾಯ್ಲರ್ ಎಷ್ಟು ಹಳೆಯದೆಂದು ಬರೆದುಕೊಂಡು ಬಂದು, ಆ ಮನೆಗೆ ಇಂಗ್ಲಿಷ್ ಅಕ್ಷರವೊಂದನ್ನು ದಯಪಾಲಿಸುತ್ತೇನೆ. ಎ ಬಂದರೆ ಸಾಧು ಮನೆ, ಜಿ ಬಂದರೆ ಹೊಟ್ಟೆಬಾಕ. ಅವತ್ತು ನಾನು ಅಲ್ಲಿರುವಾಗಲೇ ಮನೆ ಕಾಯಿಸುವ ಎಣ್ಣೆಯ ಲಾರಿ ಬಂತು. ಚಾಲಕ ದಪ್ಪ ಪೈಪನ್ನು ಎಳೆದು ತಂದು ಹಿತ್ತಲ ಮೂಲೆಯ ಹಸಿರು ಟ್ಯಾಂಕಿನ ಬಾಯಿಗೆ ಇಟ್ಟ. ಒಳಗೆ ಗುಳುಗುಳು ಸದ್ದು ಶುರುವಾಯಿತು. ಮನೆಯಾಕೆ ಅಡುಗೆಮನೆಯ ಬಾಗಿಲಿಂದ ತಲೆ ಹೊರಹಾಕಿ, ತುಂಬಿಸಿಬಿಡಿ, ಗ್ರ್ಯಾಂಡ್, ಅಂದರೆ ಎಲ್ಲ ಸರಿ, ಎಂದು ಕೈಯಾಡಿಸಿ ಒಳಗೆ ಹೋದಳು. ಇಲ್ಲಿಯವರು ಆ ಎಣ್ಣೆಯನ್ನು ಆಯಿಲ್ ಎನ್ನುತ್ತಾರೆ, ಹಾಗೆಂದರೆ ಏನೋ ದೊಡ್ಡ ಪದಾರ್ಥವೆನಿಸುತ್ತದೆ. ಮೂಗಿಗೆ ಮಾತ್ರ ಅದು ಸೊಸೈಟಿ ಅಂಗಡಿಯ ಸೀಮೆಎಣ್ಣೆಯೇ. ನನಗೆ ಕಿಟಕಿಗಳ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸುವ ಮನಸ್ಸಾಗದೆ ಒದ್ದೆ ಹುಲ್ಲಿನ ಮೇಲೆ ಸುಮ್ಮನೆ ನಿಂತುಬಿಟ್ಟೆ.

ನನ್ನ ಐದನೆಯ ವಯಸ್ಸಿನಿಂದ ಒಂಬತ್ತರವರೆಗೆ ನಾನು ಬೆಳೆದದ್ದು ಅರಸೀಕೆರೆಯಲ್ಲಿ, ಅಮ್ಮನ ಅಮ್ಮನ ಹತ್ತಿರ. ಅಮ್ಮ ನರ್ಸ್ ಆಗಿ ಐರ್ಲೆಂಡಿಗೆ ಹೋಗಿದ್ದಳು, ಅಪ್ಪ ಬೆಂಗಳೂರಿನಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ, ಭಾನುವಾರ ರೈಲಿನಲ್ಲಿ ಬಂದು ಹೋಗುತ್ತಿದ್ದ. ಅಜ್ಜಿಯ ಮನೆ ರೈಲ್ವೆ ನಿಲ್ದಾಣದ ಹಿಂದಿನ ಓಣಿಯಲ್ಲಿ. ಎರಡು ಕೋಣೆ, ಹಿಂದೆ ಒಂದು ತಗಡಿನ ಬಚ್ಚಲು. ಗಾಡಿ ಬಂದಾಗಲೆಲ್ಲ ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ನಾವು ಮಾತು ನಿಲ್ಲಿಸಿ ಕಾಯುತ್ತಿದ್ದೆವು, ಗಾಡಿ ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆವು. ಅಡುಗೆ ಮಾಡುವ ಕಟ್ಟೆಯ ಕೆಳಗೆ ಒಂದು ತಗಡಿನ ಡಬ್ಬ, ಅದರ ಪಕ್ಕ ಲಾಳಿಕೆ, ಬರ್ನರಿನ ತೂತು ಬಿಡಿಸುವ ಪಿನ್ನು. ಪಂಪ್ ಸ್ಟವ್ ಹತ್ತಿಸುವಾಗ ಅಜ್ಜಿ ಮೊಣಕಾಲೂರಿ ಕೂತು, ಉಸಿರು ಬಿಗಿಹಿಡಿದು ಗಾಳಿ ಹಾಕುತ್ತಿದ್ದಳು. ಮೊದಲು ಹಳದಿ ಜ್ವಾಲೆ ಎದ್ದು ಹೊಗೆ ಕಾರಿ, ಆಮೇಲೆ ನೀಲಿಗೆ ತಿರುಗಿ ಭರ್ರೆಂದು ಸದ್ದು ಶುರುವಾದರೆ ಬೆಳಗಾಯಿತೆಂದು ಅರ್ಥ. ನನ್ನ ಯೂನಿಫಾರ್ಮು, ನನ್ನ ಜಡೆ, ನನ್ನ ಡಬ್ಬಿಯ ಚಿತ್ರಾನ್ನ ಎಲ್ಲಕ್ಕೂ ಆ ವಾಸನೆ ಇರುತ್ತಿತ್ತು. ಶಾಲೆಯಲ್ಲಿ ಎಲ್ಲರದ್ದೂ ಅದೇ ವಾಸನೆಯಾದ್ದರಿಂದ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ಸೀಮೆಎಣ್ಣೆ ಬರುವ ದಿನ ಓಣಿಗೇ ಗೊತ್ತಾಗುತ್ತಿತ್ತು. ಸೊಸೈಟಿ ಅಂಗಡಿಯ ಮುಂದೆ ಕ್ಯಾನುಗಳದ್ದೇ ಒಂದು ಸಾಲು. ಜನ ನೆರಳಿಗೆ ಹೋಗಿ ಕೂತಿರುತ್ತಿದ್ದರು, ಅವರ ಪರವಾಗಿ ಕ್ಯಾನುಗಳು ಬಿಸಿಲಲ್ಲಿ ನಿಂತಿರುತ್ತಿದ್ದವು. ಒಬ್ಬರ ಕ್ಯಾನನ್ನು ಇನ್ನೊಬ್ಬರು ಹಿಂದಕ್ಕೆ ಸರಿಸಿದರೆ ಅದು ಮೂರು ದಿನದ ಜಗಳ. ಅಂಗಡಿಯವನು ಪೀಪಾಯಿಯಿಂದ ಅಳತೆಯ ಡಬ್ಬದಲ್ಲಿ ಎಣ್ಣೆ ಎತ್ತಿ ಸುರಿಯುವಾಗ ಅಜ್ಜಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ನೊರೆ ಇಳಿಯುವವರೆಗೆ ಲಾಳಿಕೆ ತೆಗೆಯಲು ಬಿಡುತ್ತಿರಲಿಲ್ಲ. ಇಷ್ಟು ಜನರಿರುವ ಕಾರ್ಡಿಗೆ ಇಷ್ಟು ಲೀಟರ್ ಎಂದು ಎಲ್ಲೋ ಯಾರೋ ನಿರ್ಧರಿಸಿದ್ದರು, ಅದರ ಮೇಲೆ ಒಂದು ತೊಟ್ಟೂ ಇಲ್ಲ. ನಮ್ಮದು ಎರಡು ಹೆಸರಿನ ಕಾರ್ಡು, ಪಕ್ಕದ ಮನೆಯ ಜಯಮ್ಮನ ಹತ್ತಿರ ಕಾರ್ಡೇ ಇರಲಿಲ್ಲ. ಅವರು ಕಡೂರಿನ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು, ನಾಲ್ಕು ಮಕ್ಕಳು ಬೇರೆ. ಹಾಗಾಗಿ ಮನೆಗೆ ಬಂದವಳೇ ಅಜ್ಜಿ ಹೊಸಿಲ ಮೇಲೆ ಕೂತು ಒಂದು ಬಾಟಲಿಗೆ ಎಣ್ಣೆ ಸುರಿದು ನನ್ನ ಕೈಲಿ ಜಯಮ್ಮನಿಗೆ ಕಳಿಸುತ್ತಿದ್ದಳು. ಅದು ದಾನ ಎಂಬಂತೆ ಆಕೆಯೂ ಕೊಡುತ್ತಿರಲಿಲ್ಲ, ಅವರೂ ತೆಗೆದುಕೊಳ್ಳುತ್ತಿರಲಿಲ್ಲ. ತಿಂಗಳ ಕೊನೆಗೆ ನಮ್ಮ ಡಬ್ಬ ಅಲ್ಲಾಡಿಸಿದರೆ ಸದ್ದು ಬರುವ ಹೊತ್ತಿಗೆ, ಅನ್ನಕ್ಕೆ ಒಂದು ಕುದಿ ಬಂದ ಕೂಡಲೇ ಸ್ಟವ್ ಆರಿಸಿ, ಪಾತ್ರೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಮೂಲೆಗಿಡುತ್ತಿದ್ದಳು. ಅನ್ನ ತಾನಾಗಿ ಅರಳುತ್ತಿತ್ತು. ಎಷ್ಟೋ ಸಲ ಪೂರ್ತಿ ಅರಳುತ್ತಲೂ ಇರಲಿಲ್ಲ. ಈಗಿನವರು ಇದನ್ನು ಕೇಳಿದರೆ ಎಷ್ಟು ಚೆಂದದ ಬದುಕು ಎನ್ನುತ್ತಾರೆ. ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ಅನ್ನವನ್ನು ತಿಂದವಳು ನಾನು, ನನಗೆ ಹಾಗೆನ್ನಿಸುವುದಿಲ್ಲ.

ಅಮ್ಮ ಎರಡನೆಯ ಸಲ ರಜೆಗೆ ಬಂದಾಗ ಹಟ ಹಿಡಿದು ಮನೆಗೆ ಗ್ಯಾಸ್ ಹಾಕಿಸಿದಳು. ಅಜ್ಜಿಗೆ ಸಿಲಿಂಡರ್ ಎಂದರೆ ಹೆದರಿಕೆ. ಕಾಫಿ ಕಾಸಿದರೂ ಸರಿ, ಒಗ್ಗರಣೆ ಹಾಕಿದರೂ ಸರಿ, ಒಲೆ ಆರಿಸಿದ ಮೇಲೆ ಬಗ್ಗಿ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡುತ್ತಿದ್ದಳು. ಬೀಗ ಹಾಕಿ ಬೀದಿಗೆ ಇಳಿದ ಮೇಲೂ ಒಮ್ಮೆ ವಾಪಸ್ ಹೋಗಿ ನೋಡಿ ಬರುತ್ತಿದ್ದಳು. ಬೆಂಕಿಯನ್ನು ಮೇಲುಗಡೆ ಆರಿಸಿದರೆ ಸಾಲದು, ಅದರ ಬುಡದಲ್ಲಿ ಒಂದು ಕಿವಿ ಇರುತ್ತದೆ, ಅದನ್ನು ತಿರುವಬೇಕು ಎಂದು ನನಗೆ ಕಲಿಸಿದ್ದೂ ಆಗಲೇ. ನಾನು ಕಲಿತೆ. ಇವತ್ತಿಗೂ ಡಬ್ಲಿನ್ ಪಕ್ಕದ ಸ್ವೋರ್ಡ್ಸಿನ ನನ್ನ ಮನೆಯಿಂದ ಬಸ್ಸಿಗೆ ಹೊರಟವಳು ಅರ್ಧ ದಾರಿಯಿಂದ ಹಿಂತಿರುಗಿ ಬಂದು ಎಲ್ಲ ಗುಂಡಿಗಳನ್ನೂ ಮುಟ್ಟಿ ನೋಡುವ ಚಾಳಿ ಬಿಟ್ಟಿಲ್ಲ.

ಒಂಬತ್ತು ತುಂಬಿದ ಮೇಲೆ ನನ್ನನ್ನೂ ಅಪ್ಪನನ್ನೂ ಅಮ್ಮ ಕಿಲ್ಕೆನ್ನಿಗೆ ಕರೆಸಿಕೊಂಡಳು. ಆಸ್ಪತ್ರೆಗೆ ಹತ್ತಿರದಲ್ಲಿ ಒಂದು ಬಾಡಿಗೆ ಮನೆ. ಒಂದೇ ಥರದ ಹನ್ನೆರಡು ಮನೆಗಳ ಸಾಲಿನಲ್ಲಿ ಕೊನೆಯದು, ಒಂದು ಕಡೆ ಬಯಲಿಗೆ ತೆರೆದದ್ದರಿಂದ ಉಳಿದವಕ್ಕಿಂತ ಹೆಚ್ಚು ತಣ್ಣಗೆ. ಮೇಲೆ ಮೂರು ಕೋಣೆ, ಕೆಳಗೆ ಹಾಲ್, ಅಡುಗೆಮನೆ, ಬಿಸಿನೀರಿನ ಟ್ಯಾಂಕಿದ್ದ ಹಾಟ್ ಪ್ರೆಸ್ ಎಂಬ ಕಪಾಟು. ನಮ್ಮ ಒಗೆದ ಬಟ್ಟೆಗಳು ಅದರೊಳಗೇ ಒಣಗುತ್ತಿದ್ದವು. ಹಿತ್ತಲಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್, ಅದರಾಚೆ ಅದಕ್ಕೆ ಎಣ್ಣೆ ಹೋಗುವ ಹಸಿರು ಟ್ಯಾಂಕು. ನನಗೆ ಹನ್ನೊಂದಾದಾಗ, ನವೆಂಬರಿನಲ್ಲಿ, ಅಜ್ಜಿ ಬಂದಳು. ವೀಸಾ ಸಿಗುವುದೇ ಮೂರು ತಿಂಗಳಿಗೆ, ಅದೂ ಅಮ್ಮನಿಗೆ ಟಿಕೆಟ್ಟಿನ ದುಡ್ಡು ಹೊಂದಿದ್ದು ಚಳಿಗಾಲದಲ್ಲಿ. ಅಮ್ಮನ ಹಳೆಯ ಜಾಕೆಟ್ಟು, ಅಪ್ಪನ ಕಾಲುಚೀಲ, ತಲೆಗೆ ಮಂಕಿ ಟೋಪಿ ಹಾಕಿಕೊಂಡು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು ಅವಳು ಮನೆಯ ಸುತ್ತ ಒಂದು ಸುತ್ತು ಹಾಕಿದಳು. ಟ್ಯಾಂಕಿನ ಹತ್ತಿರ ನಿಂತಳು. ಬಗ್ಗಿ ಮೂಸಿದಳು. ಇದು ನಮ್ಮ ಸೀಮೆಎಣ್ಣೆ ಅಲ್ಲವೇನೇ ಎಂದು ನನ್ನನ್ನು ಕೇಳಿದಳು. ಹೌದೆಂದೆ. ತುಂಬಿದರೆ ಎಷ್ಟು ಹಿಡಿಯುತ್ತದೆ ಎಂದಳು. ಸಾವಿರ ಲೀಟರ್ ಹಿಡಿಯುತ್ತದೆ ಎಂದು ಅಪ್ಪ ಹೇಳಿದ್ದು ನೆನಪಿತ್ತು, ಹೇಳಿದೆ. ಅಜ್ಜಿ ಟ್ಯಾಂಕಿನ ಹೊಟ್ಟೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಿದ್ದಳು.

"ಇಲ್ಲಿ ಕಾರ್ಡಿಗೆ ಎಷ್ಟು ಅಂತ ಐತೆ?" ಎಂದು ಕೇಳಿದಳು. ಕಾರ್ಡೆಲ್ಲ ಇಲ್ಲ, ಫೋನ್ ಮಾಡಿದರೆ ಲಾರಿ ಬರುತ್ತದೆ ಎಂದೆ. "ಹಂಗಾದ್ರೆ ಇಷ್ಟೇ ಅಂತ ಹೇಳೋರು ಯಾರೂ ಇಲ್ವಾ?" ಯಾರೂ ಇಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ, ಈ ದೇಶ ನನ್ನದೇ ಎಂಬಂತೆ.

ನಾವು ಮೂವರೂ ಹೊರಗೆ ಹೋಗುವ ದಿನಗಳಲ್ಲಿ ಹೀಟಿಂಗ್ ಆರಿಸಿ ಹೋಗುವುದು ನಮ್ಮ ಮನೆಯ ರೂಢಿ. ಅಜ್ಜಿ ಬಂದ ಮೇಲೆ ಅಮ್ಮ ಅವಳಿಗೋಸ್ಕರ ಹಗಲೆಲ್ಲ ಹಾಕಿಯೇ ಇಡತೊಡಗಿದಳು. ಬಂದ ಎರಡನೆಯ ದಿನವೇ ಅಜ್ಜಿ, ನಾವು ಹೋದ ಮೇಲೆ ಗೋಡೆಯ ಸ್ವಿಚ್ಚು ಆರಿಸಿದ್ದಳು. ಅಮ್ಮ ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ ಬಂದು ಗೋಡೆ ಮುಟ್ಟಿ ನೋಡಿದವಳೇ ರೇಗಿದಳು. ಇದು ಅರಸೀಕೆರೆಯ ಚಳಿಯಲ್ಲ, ನಿನ್ನ ಎದೆ ಮೊದಲೇ ಸರಿಯಿಲ್ಲ, ಸ್ವಿಚ್ಚು ಮುಟ್ಟಕೂಡದು ಎಂದು ಆಣೆ ಹಾಕಿಸಿಕೊಂಡಳು. ಸಾಲದ್ದಕ್ಕೆ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಾಕಿ, ನನ್ನ ಕೈಯಲ್ಲಿ ಅದರ ಮೇಲೆ ಮಾರ್ಕರ್ ಪೆನ್ನಿನಿಂದ 'ಅಜ್ಜಿ, ಮುಟ್ಟಬೇಡ' ಎಂದು ಬರೆಸಿದಳು. ಕನ್ನಡ ಮರೆತುಹೋಗುತ್ತಿದೆ ಎಂದು ನಾನು ಅಂಜಿದ್ದ ಕಾಲ ಅದು, ಬ-ದ ಹೊಟ್ಟೆ ಸ್ವಲ್ಪ ದೊಡ್ಡದಾಯಿತು. ಅಜ್ಜಿ ಅದನ್ನು ಓದಿ ನಕ್ಕಳು. ಕೊಟ್ಟ ಮಾತು ತಪ್ಪುವವಳಲ್ಲ ಅವಳು, ಆ ಸ್ವಿಚ್ಚನ್ನು ಮತ್ತೆ ಮುಟ್ಟಲೇ ಇಲ್ಲ.

ಡಿಸೆಂಬರಿನ ಮೊದಲಲ್ಲಿ ಒಂದು ದಿನ ಶಾಲೆಯಲ್ಲಿ ಟೀಚರುಗಳ ಮೀಟಿಂಗ್ ಎಂದು ಮಧ್ಯಾಹ್ನವೇ ಬಿಟ್ಟರು. ಕೀಲಿ ತಿರುವಿ ಒಳಗೆ ಬಂದರೆ ಮನೆ ಹೊರಗಿಗಿಂತ ತಣ್ಣಗಿತ್ತು. ಅಜ್ಜಿ ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು, ಎರಡು ಕಂಬಳಿ ಹೊದ್ದು, ಕೈಯಲ್ಲಿ ಬಿಸಿನೀರಿನ ಲೋಟ ಹಿಡಿದು ಕಿಟಕಿಯಾಚೆ ನೋಡುತ್ತಿದ್ದಳು. ಬಾಯಿಂದ ಹೊಗೆ ಬರುತ್ತಿತ್ತು. ನನ್ನನ್ನು ಕಂಡು ಗಡಬಡಿಸಿ ಎದ್ದು ಹಿತ್ತಲಿಗೆ ಹೋದಳು, ನಾನು ಹಿಂದೆಯೇ ಹೋದೆ. ಟ್ಯಾಂಕಿನ ಬುಡದಲ್ಲಿ ಪೈಪು ಹೊರಡುವ ಕಡೆ ಒಂದು ಸಣ್ಣ ಕೆಂಪು ತಿರುಪು ಇತ್ತು. ಅಜ್ಜಿ ಕೂತು ಅದನ್ನು ತಿರುವುತ್ತಿದ್ದಳು, ಅರಸೀಕೆರೆಯಲ್ಲಿ ರೆಗ್ಯುಲೇಟರ್ ತಿರುವುತ್ತಿದ್ದಂತೆಯೇ. ಬೆಳಿಗ್ಗೆ ನಾನು ಶಾಲೆಗೆ ಹೊರಟ ಕೂಡಲೇ ಬಂದ್ ಮಾಡುವುದು, ಮೂರು ಗಂಟೆಗೆ ನಾನು ಬರುವ ಮುಂಚೆ ಬಿಡುವುದು. ಇಷ್ಟು ದಿನವೂ ಅದೇ ನಡೆದಿತ್ತು. ಎಣ್ಣೆ ಬಾರದೆ ಬಾಯ್ಲರ್ ಆರಿ, ಅದರ ಮೈಮೇಲೆ ಕೆಂಪು ದೀಪ ಉರಿಯುತ್ತಿತ್ತು. ದಿನಾ ಮಧ್ಯಾಹ್ನ ಬಂದಾಗ ಆ ದೀಪ ಕಂಡು, ಅಪ್ಪ ತೋರಿಸಿಕೊಟ್ಟಿದ್ದಂತೆ ಗುಂಡಿ ಒತ್ತಿ ಮತ್ತೆ ಹೊತ್ತಿಸುತ್ತಿದ್ದವಳು ನಾನೇ. ಬಾಯ್ಲರ್ ಹಳೆಯದು, ಕೆಡುತ್ತಿದೆ ಎಂದುಕೊಂಡಿದ್ದೆ.

ಯಾಕಜ್ಜಿ ಎಂದದ್ದಕ್ಕೆ ಅವಳು ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಗಲ್ಲ ಹಿಡಿದಳು. ಕೈ ಮಂಜಿನಂತಿತ್ತು. "ಅಳೆಯೋರು ಇಲ್ಲ ಅಂದ್ಮೇಲೆ ನಾವೇ ಅಳ್ಕೋಬೇಕು ಮಗಾ. ಅಷ್ಟು ಎಣ್ಣೆ ಸುಮ್ನೆ ಗೋಡೆ ಕಾಯಿಸ್ತಾ ಇರುತ್ತೆ. ಅದ್ರಾಗೆ ನಮ್ಮ ಓಣಿ ಪೂರಾ ವರ್ಷ ಅನ್ನ ಮಾಡ್ಕೊಂಡು ಉಣ್ಣುತ್ತೆ." ಆಮೇಲೆ, ನಿಮ್ಮಮ್ಮನಿಗೆ ಹೇಳಬೇಡ, ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದಳು. ನಾನು ತಲೆಯಾಡಿಸಿದೆ.

ಯಾಕೆ ಬಾಯಿ ಬಿಡಲಿಲ್ಲ ಎಂದು ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೇನೋ. ಅಜ್ಜಿ ಬೈಸಿಕೊಳ್ಳುತ್ತಾಳೆ ಎಂಬ ಕನಿಕರ ಒಂದು. ನನಗೂ ಅವಳಿಗೂ ನಡುವೆ ಮಾತ್ರ ಒಂದು ಗುಟ್ಟಿದೆ ಎಂಬ ಖುಷಿ ಇನ್ನೊಂದು. ಅಮ್ಮನಿಲ್ಲದ ನಾಲ್ಕು ವರ್ಷ ನನ್ನನ್ನು ಸಾಕಿದವಳು ಅವಳು, ನಾನು ಅವಳ ಕಡೆಯವಳು ಎಂದು ತೋರಿಸಬೇಕಿತ್ತು. ಸಂಜೆ ಅಮ್ಮ ಬರುವ ಹೊತ್ತಿಗೆ ಮನೆ ಬೆಚ್ಚಗಾಗಿರುತ್ತಿತ್ತು, ಅಜ್ಜಿ ಮುದ್ದೆ ಮಾಡಿಟ್ಟಿರುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಅದನ್ನು ಕೆಡಿಸುವ ಮನಸ್ಸು ಯಾವ ಮಗುವಿಗಿರುತ್ತದೆ? ಆದರೆ ಪೈಪಿನಲ್ಲಿ ಗಾಳಿ ತುಂಬಿಕೊಂಡು ಬಾಯ್ಲರ್ ಕೆಲವು ದಿನ ಗುಂಡಿ ಒತ್ತಿದರೂ ಹೊತ್ತದಾಯಿತು. ಪ್ಯಾಟ್ ಎಂಬ ರಿಪೇರಿಯವರು ಬಂದರು, ವಯಸ್ಸಾದವರು, ತುಂಬಾ ಒಳ್ಳೆಯ ಮನುಷ್ಯ. ಗಾಳಿ ಹೊರಬಿಟ್ಟು, ಫಿಲ್ಟರ್ ಬದಲಿಸಿ, ಈಗ ಗ್ರ್ಯಾಂಡ್ ಎಂದು ಹೇಳಿ ಅಜ್ಜಿ ಕೊಟ್ಟ ಕಾಫಿ ಕುಡಿದು ಹೋದರು. ವಾರದಲ್ಲಿ ಮತ್ತೆ ಬಂದು ತಲೆ ಕೆರೆದುಕೊಂಡರು. ಹೊಸ ಬಾಯ್ಲರ್ ಹಾಕಿಸಿಕೊಡಿ ಎಂದು ಅಮ್ಮ ಮನೆ ಮಾಲೀಕರ ಬೆನ್ನು ಬಿದ್ದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮುದುಕಿ ಮನೆಯಲ್ಲಿದ್ದಾಳೆ ಎಂಬ ದಯೆ ಕೂಡ ಇಲ್ಲ ಎಂದು ಅಮ್ಮ ಊಟದ ಮುಂದೆ ಕೂತು ಆ ಮನುಷ್ಯನನ್ನು ಬಯ್ಯುವಾಗ ಅಜ್ಜಿಯೂ ನಾನೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಜನವರಿಯಲ್ಲಿ ಹಿಮ ಬಿತ್ತು. ಕಿಲ್ಕೆನ್ನಿಯಲ್ಲಿ ಹಾಗೆ ನಿಲ್ಲುವ ಹಿಮ ಅಪರೂಪ, ಮಕ್ಕಳಿಗೆ ಹಬ್ಬ. ಹನ್ನೊಂದು ಗಂಟೆಗೇ ಶಾಲೆ ಬಿಟ್ಟರು. ನಾನು ನೇರ ಮನೆಗೆ ಬರಲಿಲ್ಲ, ಗೆಳತಿಯರ ಜೊತೆ ಬಯಲಿನಲ್ಲಿ ಹಿಮದುಂಡೆ ಎಸೆದಾಡಿ, ಎರಡು ದಾಟಿದ ಮೇಲೆ ಬಂದೆ. ಅಜ್ಜಿ ಕುರ್ಚಿಯಲ್ಲಿರಲಿಲ್ಲ. ಮೇಲೆ ಹೋದರೆ ಹಾಸಿಗೆಯಲ್ಲಿ ಜಾಕೆಟ್ಟು ಹಾಕಿಕೊಂಡೇ ಮಲಗಿದ್ದಳು, ಮೇಲೆ ಕಂಬಳಿ, ಅದರ ಮೇಲೆ ನನ್ನ ರಗ್ಗು. ಹಿಂದಿನ ದಿನದಿಂದ ಕೆಮ್ಮಿತ್ತು, ಈಗ ಉಸಿರಿನ ಜೊತೆ ಗೊರಗೊರ ಸದ್ದು. ಅಜ್ಜಿ ಎಂದರೆ ಹೂಂ ಎಂದಳು, ಕಣ್ಣು ಬಿಡಲಿಲ್ಲ. ಹಣೆ ಸುಡುತ್ತಿತ್ತು, ಕಾಲು ಮಾತ್ರ ಕಲ್ಲಿನಂತೆ ತಣ್ಣಗೆ. ಅಮ್ಮನಿಗೆ ಫೋನ್ ಮಾಡುವ ಮುಂಚೆ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ನಾನು ಮೊದಲು ಹಿತ್ತಲಿಗೆ ಓಡಿದೆ. ಹಿಮದಲ್ಲಿ ಮೊಣಕಾಲೂರಿ ಆ ತಿರುಪನ್ನು ಬಿಡಿಸಲು ನೋಡಿದೆ, ಯಾರಿಗೂ ಗೊತ್ತಾಗದಿರಲಿ ಎಂದು. ಅದು ಹೆಪ್ಪುಗಟ್ಟಿ ಬಿಗಿದುಕೊಂಡಿತ್ತು, ನನ್ನ ಬೆರಳಿಗೆ ಬಗ್ಗಲಿಲ್ಲ. ಆಮೇಲೆ ಒಳಗೆ ಬಂದು ಫೋನ್ ಮಾಡಿದೆ.

ಆಂಬುಲೆನ್ಸ್ ಬಂತು, ಅದರ ಹಿಂದೆ ಅಮ್ಮ ಯೂನಿಫಾರ್ಮಿನಲ್ಲೇ ಬಂದಳು. ನ್ಯುಮೋನಿಯಾ ಎಂದರು. ಮರುದಿನ ಪ್ಯಾಟ್ ಬಂದು, ಟ್ಯಾಂಕಿನ ಬುಡದಲ್ಲಿ ಬಂದ್ ಆಗಿದ್ದ ತಿರುಪನ್ನು ಅಮ್ಮನಿಗೆ ತೋರಿಸಿದರು. ಯಾರೋ ಬೇಕೆಂದೇ ತಿರುವಿದ್ದಾರೆ ಎಂದು ಮೆಲ್ಲಗೆ ಹೇಳಿ, ಅವತ್ತು ಕಾಫಿ ಬೇಡವೆಂದು ಹೊರಟುಹೋದರು. ಅಮ್ಮ ನನ್ನ ಮುಖ ನೋಡಿದಳು. ಎಷ್ಟು ದಿನದಿಂದ ಎಂದಳು. ನಾನು ಹೇಳಿದೆ. ಅವಳು ಬಯ್ಯಲಿಲ್ಲ, ಹೊಡೆಯಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಐದನೆಯ ದಿನ ಅಜ್ಜಿ ಎದ್ದು ಕೂತು ಗಂಜಿ ಕುಡಿದಳು. ಅವಳು ಚೇತರಿಸಿಕೊಳ್ಳಲೆಂದೇ ಅಮ್ಮ ಕಾಯುತ್ತಿದ್ದಳೋ ಏನೋ, ಮಧ್ಯಾಹ್ನದ ಬ್ರೇಕಿನಲ್ಲಿ ವಾರ್ಡಿಗೆ ಬಂದವಳೇ ಶುರು ಮಾಡಿದಳು. ಪಕ್ಕದ ಹಾಸಿಗೆಗಳವರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯುವಷ್ಟು ಜೋರಾಗಿತ್ತು ಅವಳ ದನಿ. ನನ್ನ ಆಸ್ಪತ್ರೆಯಲ್ಲಿ, ನನ್ನ ಜೊತೆಯವರ ಮುಂದೆ, ಹೆತ್ತ ತಾಯಿಯನ್ನು ಚಳಿಯಲ್ಲಿ ಸಾಯಲು ಬಿಟ್ಟವಳು ಎಂಬಂತೆ ನನ್ನನ್ನು ನಿಲ್ಲಿಸಿದೆಯಲ್ಲ ಎಂದಳು. ನೀನು ಇಲ್ಲಿಗೆ ಬರಲಿ ಎಂದು ಎಷ್ಟು ವರ್ಷ ಕಾದೆ ಎಂದಳು. ಅಜ್ಜಿ ಮಂಕಿ ಟೋಪಿಯ ಅಂಚನ್ನು ಬೆರಳಿನಿಂದ ಸುರುಳಿ ಮಾಡುತ್ತ ಕೇಳಿಸಿಕೊಂಡಳು.

"ಅದೇನು ಬೀಗ ಹಾಕಿದ ಮನೆನಾಮ್ಮ?" ಎಂದಳು ಅಮ್ಮ. "ಹಗಲೆಲ್ಲ ನಿನಗೋಸ್ಕರ ಹಾಕಿಟ್ಟು ಹೋಗ್ತಿದ್ನಲ್ಲ."

"ಹಗಲೊತ್ತು ಮನೇಲಿ ಯಾರಿರ್ತಿದ್ರು ಹೇಳು. ನೀವು ಮೂರು ಜನಾನೂ ಹೊರಗೆ."

"ನೀನಿರ್ತಿದ್ಯಲ್ಲ."

ಅಜ್ಜಿ ತಲೆಯೆತ್ತಿ ನೋಡಿದಳು. ಹಟವಿರಲಿಲ್ಲ ಅವಳ ಮುಖದಲ್ಲಿ, ಅಣಕವಿರಲಿಲ್ಲ. ಅಮ್ಮ ಇದೇನು ಕೇಳುತ್ತಿದ್ದಾಳೆಂದು ಅರ್ಥವಾಗದ ಬೆರಗು ಮಾತ್ರ ಇತ್ತು. "ನಾನಾ?" ಎಂದಳು. "ನಾನೊಬ್ಳು ತಾನೆ."

ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಅಜ್ಜಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಬ್ರೇಕ್ ಮುಗಿಯುವವರೆಗೆ ಅಂಗೈಯಿಂದ ಉಜ್ಜುತ್ತಿದ್ದಳು.

ಅಜ್ಜಿ ಹೋಗಿ ಈಗ ಎಷ್ಟೋ ವರ್ಷವಾಯಿತು. ಅರಸೀಕೆರೆಯ ಆ ಎರಡು ಕೋಣೆಗಳನ್ನು ಕೆಡವಿ ಯಾರೋ ಮೊಬೈಲ್ ಅಂಗಡಿ ಹಾಕಿದ್ದಾರೆ. ಕಿಲ್ಕೆನ್ನಿಯ ಕೊನೆಯ ಮನೆಯಿಂದಲೂ ಟ್ಯಾಂಕು, ಬಾಯ್ಲರ್ ಎಲ್ಲ ತೆಗೆದುಹಾಕಿ, ಹೊರಗೋಡೆಗೆ ದಪ್ಪ ಹೊದಿಕೆ ಹೊದಿಸಿದ್ದಾರಂತೆ, ಈಗದು ಸಾಧು ಮನೆ. ನಾನು ಮನೆಗಳಿಗೆ ಅಕ್ಷರ ಕೊಡುತ್ತ ತಿರುಗುತ್ತೇನೆ. ಇಬ್ಬರೇ ಇರುವ ಆರು ಬಾತ್‌ರೂಮಿನ ಬಂಗಲೆಗೆ ಎ ಕೊಟ್ಟಿದ್ದೇನೆ, ಗೋಡೆ ದಪ್ಪಗಿತ್ತು, ಗಾಜು ಮೂರು ಪದರದ್ದಿತ್ತು, ನಿಯಮದ ಪ್ರಕಾರ ಕೊಡಲೇಬೇಕು. ಒಂದೇ ಕೋಣೆಯಲ್ಲಿ ಹೀಟರ್ ಹಾಕಿಕೊಂಡು, ಉಳಿದ ಮನೆಯನ್ನೆಲ್ಲ ಮುಚ್ಚಿ ಬದುಕುವ ಮುದುಕರ ಮನೆಗೆ ಜಿ ಬರೆದಿದ್ದೇನೆ. ನನ್ನ ನಮೂನೆ ಗೋಡೆಯನ್ನು ಕೇಳುತ್ತದೆ, ಕಿಟಕಿಯನ್ನು ಕೇಳುತ್ತದೆ, ಒಳಗೆ ಕೂತವರು ಎಷ್ಟು ಉರಿಸಿದರು, ಎಷ್ಟು ನಡುಗಿದರು ಎಂದು ಕೇಳುವುದಿಲ್ಲ. ನನ್ನ ಮಗಳು ಶಾಲೆಯಿಂದ ಒಂದು ಹಾಳೆ ತರುತ್ತಾಳೆ. ಭೂಮಿಗಾಗಿ ನೀವು ಮನೆಯಲ್ಲಿ ಏನೇನು ಮಾಡಬಹುದು, ಬೇಗ ಸ್ನಾನ ಮುಗಿಸಿ, ದೀಪ ಆರಿಸಿ. ಓದಿ ಅದನ್ನು ಫ್ರಿಜ್ಜಿಗೆ ಅಂಟಿಸಿ, ಎರಡು ವರ್ಷಕ್ಕೊಮ್ಮೆ ಎಲ್ಲರೂ ವಿಮಾನ ಹತ್ತುತ್ತೇವೆ. ಮೊಸರಿನ ಡಬ್ಬ ತೊಳೆದು ಮರುಬಳಕೆಯ ಹಸಿರು ತೊಟ್ಟಿಗೆ ಹಾಕುವಾಗ ನನಗೆ ನನ್ನ ಮೇಲೇ ನಗು ಬರುತ್ತದೆ, ಆಮೇಲೆ ಸುಸ್ತಾಗುತ್ತದೆ. ಕಡಿಮೆ ಬಳಸಿ ಎಂಬ ಮಾತನ್ನು ಲೋಕ ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತದೆ. ಅದು ತಮಗೇ ಹೇಳಿದ್ದು ಎಂದು ತಟ್ಟನೆ ಎದ್ದು ಹೋಗಿ ತಿರುಪು ತಿರುವುವವರು ಮಾತ್ರ, ಮೊದಲಿಂದಲೂ ಏನನ್ನೂ ಬಳಸದವರೇ. ಉಳಿದ ನಾವು ಹಾಳೆ ಅಂಟಿಸುತ್ತೇವೆ. ಅಜ್ಜಿ ಹೇಳಿದ್ದು ತಪ್ಪಲ್ಲ, ಅಳೆಯುವವರು ಇಲ್ಲದ ಕಡೆ ನಾವೇ ಅಳೆದುಕೊಳ್ಳಬೇಕು. ಅವಳು ಅಳೆದಾಗ ತನ್ನನ್ನು ಬಿಟ್ಟು ಅಳೆದಳು, ನಾವು ಅಳೆಯುವಾಗ ನಮ್ಮನ್ನೇ ಮೊದಲು ಇಟ್ಟುಕೊಳ್ಳುತ್ತೇವೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದೀತೆಂಬ ನಂಬಿಕೆಯೂ ಈಚೆಗೆ ಕಡಿಮೆಯಾಗುತ್ತಿದೆ.

ಆ ಚಳಿಗಾಲ ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜಿ ನಮ್ಮ ಮನೆಯಲ್ಲಿ ಇದ್ದದ್ದು ಮೂರು ವಾರ. ಅಮ್ಮ ಸ್ವಿಚ್ಚಿನ ಮೇಲಿನ ಅಂಟುಪಟ್ಟಿಯನ್ನು ಕಿತ್ತುಹಾಕಿದಳು. ತಿರುಪಿಗೆ ಬೀಗ ಹಾಕೋಣವೇ ಎಂದು ಅಪ್ಪ ಕೇಳಿದಾಗ ಬೇಡ ಎಂದಳು. ಅದರ ಬದಲು ದಿನಾ ಬೆಳಿಗ್ಗೆ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತು, ಮಹಡಿಯವರೆಗೆ ಕೇಳಿಸುವಂತೆ, "ಮನೇಲಿ ಅಮ್ಮ ಇದ್ದಾಳೆ" ಎಂದು ಹೇಳಿ ಹೋಗತೊಡಗಿದಳು. ಯಾರನ್ನೂ ಉದ್ದೇಶಿಸಿ ಅಲ್ಲ. ಹಾಜರಿ ಕೂಗಿದಂತೆ, ದಿನಕ್ಕೊಂದು ಸಲ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಅಜ್ಜಿ ಮೇಲಿನಿಂದ ಸಣ್ಣಗೆ, ನಾಚಿಕೊಂಡವಳ ದನಿಯಲ್ಲಿ, "ಹೂಂ, ಇದೀನಿ" ಎಂದಳು. ಆಮೇಲೆ ದಿನಾ ಹಾಗೆನ್ನುತ್ತಿದ್ದಳು. ನಾನು ಶಾಲೆಯಿಂದ ಬಂದಾಗ ಮನೆ ಬೆಚ್ಚಗಿರುತ್ತಿತ್ತು. ಅಜ್ಜಿ ಗೋಡೆಗೆ ಅಂಟಿದ ಬಿಸಿ ರೇಡಿಯೇಟರಿನ ಪಕ್ಕ ಕುರ್ಚಿ ಹಾಕಿಕೊಂಡು, ಅಂಗೈಗಳನ್ನು ಅದರ ಹತ್ತಿರ ಚಾಚಿ ಕೂತಿರುತ್ತಿದ್ದಳು. ಯಾರೋ ಅವಳಿಗೆ ಒಪ್ಪಿಸಿಹೋದ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿರುವಂತೆ ಕಾಣುತ್ತಿತ್ತು.

ಫೆಬ್ರವರಿಯ ಒಂದು ಭಾನುವಾರ ಡಬ್ಲಿನ್ನಿಗೆ ಹೋಗಿ ಅವಳನ್ನು ವಿಮಾನ ಹತ್ತಿಸಿ ಬಂದೆವು. ಸೋಮವಾರ ಬೆಳಿಗ್ಗೆ ಅಮ್ಮ ಎಂದಿನಂತೆ ಕೋಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಬಾಗಿಲ ಚಿಲಕಕ್ಕೆ ಕೈಹಾಕಿ, "ಮನೇಲಿ" ಎಂದಳು. ನಾನು ಮೆಟ್ಟಿಲ ಮೇಲೆ ಶೂ ಹಾಕಿಕೊಳ್ಳುತ್ತಿದ್ದೆ. ಇಬ್ಬರೂ ಮೇಲಕ್ಕೆ ನೋಡಿದೆವು. ಅಮ್ಮ ಹಿಂತಿರುಗಿ ಬಂದು ಸ್ವಿಚ್ಚು ಆರಿಸಿದಳು. ರೇಡಿಯೇಟರುಗಳು ತಣಿಯುವಾಗ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಸ್ವಲ್ಪ ಹೊತ್ತು ಗೋಡೆಗೆ ಕೈಯೂರಿ ನಿಂತಿದ್ದು, ಡ್ಯೂಟಿಗೆ ತಡವಾಯಿತೆಂದು ಹೊರಟುಹೋದಳು. ಅವತ್ತು ಸಂಜೆ ನಾವು ಮೂವರೂ ಒಬ್ಬೊಬ್ಬರಾಗಿ ತಣ್ಣನೆಯ ಮನೆಗೆ ಬಂದೆವು. ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತು ಊಟ ಮಾಡಿದೆವು, ಹೀಟಿಂಗ್ ಹಾಕು ಎಂದು ಯಾರೂ ಹೇಳಲಿಲ್ಲ.